ಬ್ಯಾಟರಿ ಸೋತರೆ ಯಂತ್ರ ಸತ್ತಂತೆಯೇ?

ತಂತಿಯಿಲ್ಲದ ಡ್ರಿಲ್ಲನ್ನೇ ನಂಬಿದ ಬಡಗಿಗೆ ಬ್ಯಾಟರಿ ಸೋತರೆ ದಿನದ ಕೂಲಿಗೇ ಸಂಚಕಾರ. ಆದರೆ ಯಂತ್ರವನ್ನು ಮೂಲೆಗೆಸೆಯಬೇಕಾದುದಿಲ್ಲ; ಬ್ಯಾಟರಿಯನ್ನು ಬದಲಿಸಿದರೆ ಸಾಕೆಂಬುದನ್ನು ವಾಚಕರಿಗೆ ಅರಿಕೆಮಾಡಬಯಸುತ್ತೇನೆ.

18 ವೋಲ್ಟಿನ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ 3.6 ವೋಲ್ಟಿನ ಕೋಶಗಳು ಐದು ಹಂತಗಳಾಗಿ ಒಂದರ ಹಿಂದೊಂದು ಜೋಡಣೆಗೊಂಡಿರುತ್ತವೆ. ಸರಪಳಿಯ ಒಂದು ಕೊಂಡಿ ಕಳಚಿದಂತೆ, ಒಂದು ಕೋಶ ಬಲಗುಂದಿದರೂ ಇಡೀ ಬ್ಯಾಟರಿ ಕೈಕೊಡುವುದು.

ಹೊಸದನ್ನು ಕೊಳ್ಳುವಾಗ ವೋಲ್ಟೂ ಕೂರುವ ಅಚ್ಚೂ ಹಳೆಯದರಂತೆಯೇ ಇರತಕ್ಕದ್ದು. ಆಂಪಿಯರ್-ಗಂಟೆ ಹೆಚ್ಚಿದ್ದರೆ ಬಾಧಕವಿಲ್ಲ. 2ರ ಬದಲು 4 ಇದ್ದರೆ ಕೆಲಸ ಸುಮಾರು ಇಮ್ಮಡಿ ಹೊತ್ತು ಸಾಗುವುದು, ತೂಕವೂ ಏರುವುದು.

ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಚಾರ್ಜರಿನಲ್ಲಿ ಲಿಥಿಯಂ ಬ್ಯಾಟರಿಯನ್ನು ಇಡಕೂಡದು. ವಿದ್ಯುತ್ತು ಮಿತಿಮೀರಿ ತುಂಬಿದರೆ ಬೆಂಕಿ ಹತ್ತೀತು. ಹಳೆಯ ಬ್ಯಾಟರಿಯನ್ನು ಕಸಕ್ಕೆ ಸುರಿಯದೆ, ಅದನ್ನು ಸಂಗ್ರಹಿಸುವವರಿಗೆ ಒಪ್ಪಿಸುವುದು ನಮ್ಮೆಲ್ಲರ ಕರ್ತವ್ಯ.