ಪಾಲಿಪ್‌ನಲ್ಲಿ ಕ್ಯಾನ್ಸರ್ ಕಂಡರೆ ಕರುಳನ್ನೂ ಕತ್ತರಿಸಬೇಕೇ?

ಪ್ರಶ್ನೆ: ಕೊಲೊನೊಸ್ಕೋಪಿಯಲ್ಲಿ ತೆಗೆದ ಪಾಲಿಪ್‌ನಲ್ಲಿ ಕ್ಯಾನ್ಸರ್ ಕಂಡರೆ ಶಸ್ತ್ರಚಿಕಿತ್ಸೆ ಅನಿವಾರ್ಯವೇ? (ಬ್ಯಾಡಗಿ)

ಉತ್ತರ: ಯಾವಾಗಲೂ ಅಲ್ಲ. ದೊಡ್ಡ ಕರುಳಿನ ಒಳಪೊರೆಯಲ್ಲಿ ಬೆಳೆಯುವ ಗಂಟೇ ಪಾಲಿಪ್. ಅದರ ಕ್ಯಾನ್ಸರ್ ಕೋಶಗಳು ಒಳಪೊರೆಯ ಕೆಳಗಿನ ಪದರವನ್ನು ಹೊಕ್ಕಾಗಲಷ್ಟೇ ದುಗ್ಧಗ್ರಂಥಿಗಳಿಗೆ ಹರಡುವ ಭಯ ಹುಟ್ಟುತ್ತದೆ. ಆಗಲೂ ತೊಟ್ಟುಳ್ಳ ಪಾಲಿಪ್‌ನಲ್ಲಿ, ರೋಗಶಾಸ್ತ್ರಜ್ಞ ಹ್ಯಾಗಿಟ್ ಮತ್ತು ಸಂಗಡಿಗರು 1985ರಲ್ಲಿ ರೂಪಿಸಿದ ವರ್ಗೀಕರಣದಂತೆ, ಕ್ಯಾನ್ಸರ್ ತಲೆಗೋ ತೊಟ್ಟಿಗೋ ಸೀಮಿತವಾಗಿದ್ದು, ಕತ್ತರಿಸಿದ ಅಂಚಿನಿಂದ ಕನಿಷ್ಠ 1 ಮಿ.ಮೀ. ದೂರವಿದ್ದು, ಕೋಶಗಳು ಉಗ್ರ ಸ್ವರೂಪದವಲ್ಲದೆ, ರಕ್ತನಾಳ ಅಥವಾ ದುಗ್ಧನಾಳಗಳನ್ನು ಹೊಕ್ಕಿರದಿದ್ದರೆ, ಪಾಲಿಪ್ ತೆಗೆದುದೇ ಸಾಮಾನ್ಯವಾಗಿ ಸಾಕಷ್ಟು ಚಿಕಿತ್ಸೆಯಾಗಿ, ಮುಂದೆ ಕೊಲೊನೊಸ್ಕೋಪಿಯ ನಿಗಾ ಉಳಿಯುತ್ತದೆ. ತೊಟ್ಟಿಲ್ಲದ, ತುಂಡುತುಂಡಾಗಿ ತೆಗೆದ ಪಾಲಿಪ್‌ನಲ್ಲಿ ಅಂಚನ್ನು ಅಳೆಯುವುದೇ ಕಷ್ಟವಾದುದರಿಂದ ಶಸ್ತ್ರಚಿಕಿತ್ಸೆಯತ್ತ ಒಲವು ಹೆಚ್ಚು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ರೋಗಿಗಳು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೋ ಹೋಗುವಾಗ ಈ ಅಂಶಗಳ ಮರುಪರಿಶೀಲನೆಗಾಗಿ ಬಯಾಪ್ಸಿಯ ವರದಿಯೊಡನೆ ಪಾಲಿಪ್ ಅಂಗಾಂಶದ ಸ್ಲೈಡು, ಬ್ಲಾಕುಗಳನ್ನೂ ಕೇಳಿ ಪಡೆದು ಒಯ್ಯಬೇಕು.