ಆರು ಮಿಲಿಮೀಟರ್ ಬಯಲು

ಟೇಪ್ ರೆಕಾರ್ಡರ್ ಕಾಲದ ಅಡಾಪ್ಟರ್ ನೆನಪಿದೆಯೆ? ಇಟ್ಟಿಗೆಯಂಥ ಕಪ್ಪು ಡಬ್ಬಿ. ಸಾಕೆಟ್‌ಗೆ ಸಿಕ್ಕಿಸಿದರೆ ತನ್ನ ಭಾರಕ್ಕೇ ಜೋತುಬೀಳುತ್ತಿತ್ತು. ಒಳಗೆ ಟ್ರಾನ್ಸ್‌ಫಾರ್ಮರ್: ಕಬ್ಬಿಣದ ಪಟ್ಟಿಗಳ ಸುತ್ತ ಎರಡು ತಾಮ್ರದ ಸುರುಳಿ. 230 ವೋಲ್ಟಿನದು ಒಂದು ಖಾನೆಯಲ್ಲಿ, 9 ವೋಲ್ಟಿನದು ಇನ್ನೊಂದರಲ್ಲಿ, ನಡುವೆ ಪ್ಲಾಸ್ಟಿಕ್ ಗೋಡೆ. ಎಷ್ಟೇ ಅಗ್ಗದ ಮಾಲಾದರೂ ಆ ಗಾತ್ರದಲ್ಲಿ ಸುರಕ್ಷತೆಗೆ ಹೇಗೋ ಜಾಗ ಸಿಕ್ಕುತ್ತಿತ್ತು.

ಆ ಭಾರ ಇಳಿಸಿದ್ದು ಸ್ವಿಚಿಂಗ್ ತಂತ್ರ. ಗೋಡೆಯ ಕರೆಂಟನ್ನು ಮೊದಲು ಸುಮಾರು 325 ವೋಲ್ಟಿನ ಡಿಸಿ ಮಾಡಿ, ಟ್ರಾನ್ಸಿಸ್ಟರಿನಿಂದ ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸುವುದು. ವೇಗ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರ್ ಕುಗ್ಗುತ್ತದೆ. ಡಬ್ಬಿ ಬೆಂಕಿಪೊಟ್ಟಣದಷ್ಟಾಯಿತು, 325 ವೋಲ್ಟೂ ಫೋನಿಗೆ ಹೋಗುವ 5 ವೋಲ್ಟೂ ಹೆಬ್ಬೆರಳಗಲದ ಬೋರ್ಡಿನ ಮೇಲೆ ನೆರೆಮನೆಯವಾದವು.

ಇವೆರಡರ ನಡುವೆ ಬೋರ್ಡಿನ ಮೇಲ್ಮೈಯಲ್ಲಿ ಸುಮಾರು ಆರು ಮಿಲಿಮೀಟರ್ ಬಯಲು ಇರಬೇಕೆಂಬುದು ಸುರಕ್ಷತಾ ಮಾನದಂಡಗಳ ಲೆಕ್ಕ. ದೂಳು ಕೂತು, ಮಳೆಗಾಲದ ತೇವ ಸೇರಿದರೂ ಕರೆಂಟು ಆಚೆ ದಾಟಬಾರದು. ಒಳ್ಳೆಯ ತಯಾರಕರು ಅಲ್ಲೊಂದು ಸೀಳನ್ನೂ ಕೊರೆಯುತ್ತಾರೆ. ಸುರುಳಿಗೆ ಮೂರು ಪದರ ಹೊದಿಕೆಯ ತಂತಿ ಬಳಸುತ್ತಾರೆ. ಅಗ್ಗದ ಚಾರ್ಜರಿನಲ್ಲಿ ವಾರ್ನಿಷ್ ತಂತಿಯ ಮೇಲೆ ಒಂದೇ ಸುತ್ತು ಟೇಪು, ಫ್ಯೂಸಿಗೆ ರಜೆ. ಬಯಲು ಕೆಲವೊಮ್ಮೆ ಒಂದು ಮಿಲಿಮೀಟರೂ ಇರದು.

ಇನ್ನೊಂದು ಕಳ್ಳದಾರಿಯಿದೆ: ಎರಡೂ ಬದಿಗೆ ಸೇತುವೆಯಂತೆ ಕೂರುವ ವೈ ಕೆಪಾಸಿಟರ್. ರೇಡಿಯೊ ಗದ್ದಲ ತಗ್ಗಿಸುವುದು ಅದರ ಕೆಲಸ. ಲೋಹದ ಫೋನು ಮುಟ್ಟಿದಾಗ ಆಗುವ ಸಣ್ಣ ಜುಮ್ಮಿಗೆ ಸಾಮಾನ್ಯವಾಗಿ ಕಾರಣ ಇದೇ. ಒಳ್ಳೆಯ ಚಾರ್ಜರಿನಲ್ಲಿ ಅದು ಅಪಾಯದ್ದಲ್ಲ. ಆದರೆ ಅಲ್ಲಿ ಸಾಮಾನ್ಯ ಕೆಪಾಸಿಟರ್ ಕೂರಿಸಿ, ಅದು ಷಾರ್ಟ್ ಆದರೆ ಮೇನ್ಸ್ ನೇರ ಕೈಗೇ ಬರುತ್ತದೆ.

2013ರ ಜುಲೈನಲ್ಲಿ ಚೀನಾದ ಷಿನ್‌ಜಿಯಾಂಗ್‌ನಲ್ಲಿ ಚಾರ್ಜಿಗಿಟ್ಟ ಐಫೋನ್ ಬಳಸುವಾಗ ಯುವತಿಯೊಬ್ಬಳು ಷಾಕ್ ಹೊಡೆದು ಸತ್ತಳೆಂಬ ಸುದ್ದಿ ಬಂದಾಗ ಅನುಮಾನ ನಕಲಿ ಚಾರ್ಜರಿನತ್ತ ಹೊರಳಿತು. ಮರುತಿಂಗಳೇ ಆ್ಯಪಲ್ ಹೊರಗಿನ ಚಾರ್ಜರ್ ತಂದುಕೊಟ್ಟವರಿಗೆ ಅಸಲಿಯನ್ನು ಕಡಿಮೆ ಬೆಲೆಗೆ ಕೊಡತೊಡಗಿತು. 2016ರಲ್ಲಿ ಅಮೆರಿಕದ ಯುಎಲ್ ಸಂಸ್ಥೆ 400 ನಕಲಿ ಆ್ಯಪಲ್ ಅಡಾಪ್ಟರ್‌ಗಳನ್ನು ಪರೀಕ್ಷಿಸಿತು. ಪಾಸಾದದ್ದು ಮೂರೇ ಮೂರು.

ಭಾರತದಲ್ಲಿ 2012ರ ಕಡ್ಡಾಯ ನೋಂದಣಿ ಆದೇಶದ ವ್ಯಾಪ್ತಿಗೆ ಅಡಾಪ್ಟರ್‌ಗಳೂ ಬಂದವು. ನೋಂದಾಯಿತ ಚಾರ್ಜರಿನ ಮೈಮೇಲೆ ‘ಆರ್’ ಅಕ್ಷರ, ಅದರ ಮುಂದೆ ಎಂಟು ಅಂಕಿ ಇರಬೇಕು. ಅಂಕಿ ಅಚ್ಚು ಹಾಕಲು ನಕಲಿಯವನಿಗೇನೂ ಕಷ್ಟವಿಲ್ಲ. ಅದಕ್ಕೇ ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಬೆರಳಚ್ಚಿಸಿ ನೋಡಬೇಕು; ಅದು ಯಾವ ತಯಾರಕರ ಹೆಸರಿನಲ್ಲಿದೆಯೆಂದು ಆ್ಯಪ್ ತೋರಿಸುತ್ತದೆ.