ಕೈರೋದ ಕೆಂಪಂಗಿ ತಂಡ

ಈಜಿಪ್ಟಿನ ನೈಲ್ ನದಿಯ ಮುಖಜ ಭೂಮಿಯಲ್ಲಿ ದೆನ್ಶವಾಯ್ ಎಂಬುದೊಂದು ಹಳ್ಳಿ. 1906ರ ಜೂನ್ ತಿಂಗಳಲ್ಲಿ ಕೆಲವು ಬ್ರಿಟಿಷ್ ಸೇನಾಧಿಕಾರಿಗಳು ಅಲ್ಲಿಗೆ ಪಾರಿವಾಳದ ಬೇಟೆಗೆ ಹೋದರು. ಅವು ಊರವರು ಸಾಕಿದ್ದ ಪಾರಿವಾಳಗಳು. ಜಗಳವಾಯಿತು, ಬಡಿದಾಟವಾಯಿತು, ತಪ್ಪಿಸಿಕೊಂಡು ಓಡಿದ ಒಬ್ಬ ಅಧಿಕಾರಿ ಬಿಸಿಲಿನ ಝಳಕ್ಕೆ ಬಿದ್ದು ಸತ್ತ. ವಿಶೇಷ ನ್ಯಾಯಾಲಯವೊಂದು ಕುಳಿತು ನಾಲ್ವರು ಹಳ್ಳಿಗರಿಗೆ ಗಲ್ಲು ವಿಧಿಸಿತು. ಅವರದೇ ಊರಿನಲ್ಲಿ, ಅವರದೇ ಜನರ ಕಣ್ಣೆದುರು ಶಿಕ್ಷೆ ಜಾರಿಯಾಯಿತು. ಓದಿದ ಈಜಿಪ್ಟಿನ ಯುವಕರ ಮನಸ್ಸು ಅಂದು ಕುದಿದದ್ದು ಮತ್ತೆ ತಣ್ಣಗಾಗಲಿಲ್ಲ.

ಫುಟ್‌ಬಾಲ್ ಕ್ಲಬ್ಬೊಂದರ ಕಥೆಯನ್ನು ಗಲ್ಲುಗಂಬದಿಂದ ಆರಂಭಿಸುವುದೇಕೆ ಎಂದು ಓದುಗರು ಕೇಳಬಹುದು. ಮರುವರ್ಷವೇ, 1907ರ ಏಪ್ರಿಲ್‌ನಲ್ಲಿ, ಕೈರೋದಲ್ಲಿ ಹುಟ್ಟಿದ ‘ಅಲ್ ಅಹ್ಲಿ’ ಕ್ಲಬ್ಬಿನ ಮೂಲ ಆ ಕುದಿತದಲ್ಲೇ ಇದೆ. ಉಮರ್ ಲುತ್ಫಿ ಎಂಬ ವಕೀಲರು ಉನ್ನತ ಶಾಲೆಗಳ ವಿದ್ಯಾರ್ಥಿಗಳ ಸಂಘವೊಂದರ ಅಧ್ಯಕ್ಷರಾಗಿದ್ದರು. ಈಜಿಪ್ಟಿನ ಸಹಕಾರಿ ಚಳವಳಿಯ ಜನಕರೆಂದೂ ಅವರಿಗೆ ಹೆಸರಿದೆ. ಹುಡುಗರು ರಾಜಕೀಯ ಮಾತಾಡಲು ಸೇರುತ್ತಾರೆ, ಮೈ ಬಗ್ಗಿಸಿ ಆಡಲು ಅವರಿಗೊಂದು ಜಾಗವಿಲ್ಲ ಎಂಬುದು ಅವರ ಚಿಂತೆ. ಕೈರೋದ ಒಳ್ಳೆಯ ಮೈದಾನಗಳೆಲ್ಲ ಆಗ ಬ್ರಿಟಿಷರ ಕೈಯಲ್ಲಿದ್ದವು. ಹೊಸ ಕ್ಲಬ್ಬಿಗಿಟ್ಟ ಹೆಸರೇ ಅದಕ್ಕೆ ಉತ್ತರವಾಗಿತ್ತು: ‘ಅಹ್ಲಿ’ ಎಂದರೆ ನಾಡವರದು, ನಮ್ಮವರದು. ಅಂದಿನ ಈಜಿಪ್ಟಿನ ಬಾವುಟದ ಕೆಂಪು ಮತ್ತು ಬಿಳಿ ಬಣ್ಣಗಳೇ ಕ್ಲಬ್ಬಿನ ಬಣ್ಣಗಳಾದವು.

ಇಲ್ಲೊಂದು ತಮಾಷೆಯಿದೆ. ಈ ‘ನಮ್ಮವರ’ ಕ್ಲಬ್ಬಿನ ಮೊದಲ ಅಧ್ಯಕ್ಷ ಮಿಚೆಲ್ ಇನ್ಸ್ ಎಂಬ ಇಂಗ್ಲಿಷಿನವ! ಬ್ರಿಟಿಷರ ಹಿಡಿತದಲ್ಲಿದ್ದ ಸರಕಾರದಿಂದ ಕೆಲಸ ಆಗಬೇಕಾದರೆ ಒಬ್ಬ ಬ್ರಿಟಿಷನನ್ನೇ ಮುಂದಿಟ್ಟುಕೊಳ್ಳುವುದು ಜಾಣತನವೆಂದು ಸ್ಥಾಪಕರು ಎಣಿಸಿರಬೇಕು. ಮರುವರ್ಷವೇ ಆ ಸ್ಥಾನಕ್ಕೆ ಈಜಿಪ್ಟಿನ ಅಜೀಜ್ ಇಜ್ಜತ್ ಪಾಷಾ ಬಂದರು. ಮುಂದೆ 1919ರ ಕ್ರಾಂತಿಯ ನಾಯಕರಾದ ಸಅದ್ ಜಗ್ಲೂಲ್ ಕೂಡ ಆರಂಭದ ದಿನಗಳಲ್ಲಿ ಕ್ಲಬ್ಬಿನೊಡನೆ ನಿಂತವರು. ಸದಸ್ಯತ್ವ ಈಜಿಪ್ಟಿನವರಿಗೆ ಮಾತ್ರ ಎಂಬ ನಿರ್ಧಾರ 1925ರಲ್ಲಿ ಬಂತು. ಬರಿಗಾಲಲ್ಲಿ ಆಡಿ ಬ್ರಿಟಿಷ್ ಪಲ್ಟನ್ನಿನ ತಂಡವನ್ನು ಸೋಲಿಸಿದ ಕಲ್ಕತ್ತೆಯ ಮೋಹನ್ ಬಗಾನ್ ಕಥೆ ನಮಗೆ ಗೊತ್ತಿದೆ. ಅದು ನಡೆದದ್ದು 1911ರಲ್ಲಿ. ಆಳುವವನ ಆಟವನ್ನು ಕಲಿತು ಅವನ ಮೇಲೆಯೇ ತಿರುಗಿಸುವ ಹಂಬಲ ಎರಡೂ ದೇಶಗಳಲ್ಲಿ ಒಂದೇ ಕಾಲಕ್ಕೆ ಮೂಡಿತ್ತು.

ಕೈರೋದ ಇನ್ನೊಂದು ದೊಡ್ಡ ತಂಡ ಜಮಾಲೆಕ್ ಹುಟ್ಟಿದ್ದೂ 1911ರಲ್ಲೇ. ಅದರ ಸ್ಥಾಪಕ ಬೆಲ್ಜಿಯಂನ ವಕೀಲ. ಒಂದು ಕಾಲಕ್ಕೆ ಅದರ ಹೆಸರು ‘ಮಿಶ್ರ ಕ್ಲಬ್’. ವಿದೇಶಿಯರೂ ದೇಶೀಯರೂ ಕೂಡಿ ಆಡುವಂಥದು ಎಂದರ್ಥ. ನಂತರ ಅದಕ್ಕೆ ದೊರೆ ಫಾರೂಕನ ಹೆಸರು ಬಂತು. 1952ರಲ್ಲಿ ದೊರೆ ಪದಚ್ಯುತನಾದಾಗ ಆ ಹೆಸರೂ ಹೋಯಿತು. ಅಹ್ಲಿ ಜನರದು, ಜಮಾಲೆಕ್ ಅರಮನೆಯದು ಎಂಬ ಮಾತು ಹುಟ್ಟಿದ್ದು ಹೀಗೆ. ಇಂದು ಅದರಲ್ಲಿ ಸತ್ಯ ಬಹಳ ಉಳಿದಿಲ್ಲ. ಎರಡೂ ತಂಡಗಳಿಗೆ ಎಲ್ಲ ಬಗೆಯ ಅಭಿಮಾನಿಗಳಿದ್ದಾರೆ.

ಈಜಿಪ್ಟಿನ ಲೀಗ್ 1948ರಲ್ಲಿ ಆರಂಭವಾಯಿತು. ಮೊದಲ ಒಂಬತ್ತು ಪ್ರಶಸ್ತಿಗಳೂ ಅಹ್ಲಿಗೆ. ಅಲ್ಲಿಂದ ಇಲ್ಲಿಯವರೆಗೆ ಗೆದ್ದ ಲೀಗ್ ಪ್ರಶಸ್ತಿಗಳು 40ಕ್ಕೂ ಹೆಚ್ಚು. 1967ರ ಯುದ್ಧದ ಸೋಲಿನ ಬಳಿಕ ಲೀಗ್ ಕೆಲವು ವರ್ಷ ನಿಂತೇ ಹೋಗಿತ್ತು. ಆಟಗಾರನಾಗಿದ್ದು, ನಡುವೆ ಸಿನಿಮಾದಲ್ಲೂ ನಟಿಸಿ, 1980ರಲ್ಲಿ ಅಧ್ಯಕ್ಷರಾದ ಸಾಲೆಹ್ ಸಲೀಮ್ ಅವರ ಕಾಲದಲ್ಲಿ ಅಹ್ಲಿ ಆಫ್ರಿಕಾ ಖಂಡದತ್ತ ಕಣ್ಣು ಹಾಯಿಸಿತು. 1982ರಲ್ಲಿ ಘಾನಾದ ಅಶಾಂತಿ ಕೊಟೊಕೊ ತಂಡವನ್ನು ಸೋಲಿಸಿ ಮೊದಲ ಬಾರಿಗೆ ಆಫ್ರಿಕಾದ ಚಾಂಪಿಯನ್ ಆಯಿತು. 2024ರ ಹೊತ್ತಿಗೆ ಆ ಪ್ರಶಸ್ತಿಗಳ ಸಂಖ್ಯೆ 12ಕ್ಕೇರಿತ್ತು. ಬೇರಾವ ಆಫ್ರಿಕನ್ ತಂಡವೂ ಅದರ ಅರ್ಧದಷ್ಟನ್ನೂ ಗೆದ್ದಿರಲಿಲ್ಲ.

ಆಫ್ರಿಕಾದ ಫುಟ್‌ಬಾಲ್ ಒಕ್ಕೂಟ ಅಹ್ಲಿಯನ್ನು ‘ಇಪ್ಪತ್ತನೇ ಶತಮಾನದ ಕ್ಲಬ್’ ಎಂದು ಸಾರಿತು. ಜಮಾಲೆಕ್‌ನವರಿಗೆ ಈ ಹೊಟ್ಟೆಯುರಿ ಇನ್ನೂ ಆರಿಲ್ಲ, ಅವರ ದೂರಿನಲ್ಲಿ ಹುರುಳಿಲ್ಲವೆಂದೂ ಹೇಳಲಾಗದು. ಶತಮಾನ ಮುಗಿಯುವಾಗ ಖಂಡದ ದೊಡ್ಡ ಪ್ರಶಸ್ತಿಯನ್ನು ಜಮಾಲೆಕ್ ನಾಲ್ಕು ಬಾರಿ ಗೆದ್ದಿತ್ತು, ಅಹ್ಲಿ ಎರಡೇ ಬಾರಿ. ಎರಡನೇ ದರ್ಜೆಯ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಅಹ್ಲಿ ಗಳಿಸಿದ್ದ ಅಂಕಗಳು ಲೆಕ್ಕವನ್ನು ಅದರ ಕಡೆಗೆ ತಿರುಗಿಸಿದವು.

ಹೊಸ ಶತಮಾನ ಮಾತ್ರ ನಿರ್ವಿವಾದವಾಗಿ ಅಹ್ಲಿಯದು. ಪೋರ್ಚುಗಲ್ಲಿನ ಮನುಎಲ್ ಜೋಸೆ ತರಬೇತುದಾರರಾಗಿದ್ದ ವರ್ಷಗಳಲ್ಲಿ ತಂಡ ಸತತ 55 ಪಂದ್ಯಗಳಲ್ಲಿ ಸೋಲೇ ಕಾಣಲಿಲ್ಲ. 2006ರ ಫೈನಲ್‌ನಲ್ಲಿ ಎದುರಾಳಿ ಟ್ಯುನೀಷಿಯಾದ ಸ್ಫಾಕ್ಸ್ ತಂಡ. ಕೈರೋದಲ್ಲಿ ಪಂದ್ಯ 1-1. ಟ್ಯುನೀಷಿಯಾದ ನೆಲದಲ್ಲಿ ಗೋಲಿಲ್ಲದೆ ಮುಗಿದರೆ ಕಪ್ ಸ್ಫಾಕ್ಸ್‌ಗೆ. ತೊಂಬತ್ತು ನಿಮಿಷ ಕಳೆದವು, ಗೋಲಿಲ್ಲ. ತೊಂಬತ್ತೆರಡನೇ ನಿಮಿಷದಲ್ಲಿ ಮೊಹಮ್ಮದ್ ಅಬೂತ್ರಿಕಾ ಎಡಗಾಲಿನಿಂದ ಒದ್ದ ಚೆಂಡು ಬಲೆ ಸೇರಿತು.

ಈ ಗೆಲುವುಗಳ ಕಾಲದಲ್ಲೇ ಪ್ರೇಕ್ಷಕರ ಅಂಗಳದಲ್ಲಿ ಬೇರೊಂದು ಶಕ್ತಿ ಬೆಳೆಯುತ್ತಿತ್ತು. 2007ರಲ್ಲಿ ಕಟ್ಟಿದ ‘ಅಲ್ಟ್ರಾಸ್ ಅಹ್ಲಾವಿ’ ಎಂಬ ಅಭಿಮಾನಿಗಳ ಗುಂಪಿಗೆ ಹಾಡು, ಪಂಜು, ಬಾವುಟಗಳ ಜೊತೆಗೆ ಪೊಲೀಸರೊಡನೆ ಬಡಿದಾಡಿಯೂ ಅಭ್ಯಾಸವಿತ್ತು. 2011ರ ಜನವರಿಯಲ್ಲಿ ಮುಬಾರಕ್ ವಿರುದ್ಧ ಜನ ತಹ್ರೀರ್ ಚೌಕಕ್ಕೆ ಬಂದಾಗ ಲಾಠಿಗೆ ಎದೆಯೊಡ್ಡಲು ಗೊತ್ತಿದ್ದವರು ಈ ಹುಡುಗರೇ.

ಒಂದು ವರ್ಷ ಕಳೆಯಿತು. 2012ರ ಫೆಬ್ರುವರಿ 1ರಂದು ಅಹ್ಲಿ ಆಡಲು ಹೋದದ್ದು ಸುಯೆಜ್ ಕಾಲುವೆಯ ದಡದ ಪೋರ್ಟ್ ಸೈದ್ ನಗರಕ್ಕೆ. ಎದುರಾಳಿ ‘ಅಲ್ ಮಸ್ರಿ’. ಮಸ್ರಿ ಎಂದರೆ ‘ಈಜಿಪ್ಟಿನವನು’. ವಿದೇಶಿಯರ ಕ್ಲಬ್ಬುಗಳೇ ತುಂಬಿದ್ದ ಆ ಬಂದರಿನಲ್ಲಿ ಈಜಿಪ್ಟಿನವರು 1920ರಲ್ಲಿ ತಮಗಾಗಿ ಕಟ್ಟಿಕೊಂಡ ತಂಡವದು. ಅಂದು ಎದುರುಬದುರಾದವು ಒಂದೇ ಸಿಟ್ಟಿನಿಂದ ಹುಟ್ಟಿದ ಎರಡು ತಂಡಗಳು.

ಮಸ್ರಿ 3-1ರಿಂದ ಗೆದ್ದಿತು. ಗೆದ್ದವರ ಕಡೆಯವರೇ ಮೈದಾನಕ್ಕೆ ನುಗ್ಗಿ ಚೂರಿ, ದೊಣ್ಣೆಗಳೊಡನೆ ಅಹ್ಲಿ ಅಭಿಮಾನಿಗಳ ಮೇಲೆ ಬಿದ್ದರು. ದೀಪಗಳು ಆರಿದವು. ಹೊರಬಾಗಿಲು ಮುಚ್ಚಿತ್ತು, ಇಕ್ಕಟ್ಟಾದ ದಾರಿಯಲ್ಲಿ ತುಳಿತಕ್ಕೆ, ಉಸಿರು ಕಟ್ಟಿ ಸತ್ತವರೇ ಬಹಳ. ಒಟ್ಟು ಸಾವು 70ಕ್ಕೂ ಮೀರಿತು. ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬ ಹುಡುಗ ಅಬೂತ್ರಿಕಾನ ತೋಳಿನಲ್ಲೇ ಪ್ರಾಣ ಬಿಟ್ಟ. ಪೊಲೀಸರು ನೋಡುತ್ತ ನಿಂತಿದ್ದರು, ಇದು ತಹ್ರೀರ್ ಚೌಕದ ಸೇಡು ಎಂದು ಅಭಿಮಾನಿಗಳು ಇಂದಿಗೂ ನಂಬುತ್ತಾರೆ. 2013ರ ಜನವರಿಯಲ್ಲಿ 21 ಮಂದಿಗೆ ಮರಣದಂಡನೆ ಎಂಬ ತೀರ್ಪು ಬಂದಾಗ ಪೋರ್ಟ್ ಸೈದ್ ಹೊತ್ತಿ ಉರಿದು ಮತ್ತೆ 30ಕ್ಕೂ ಹೆಚ್ಚು ಜೀವಗಳು ಹೋದವು. ಮರುವಿಚಾರಣೆಯ ನಂತರ, 2017ರಲ್ಲಿ, ಹತ್ತು ಜನರ ಗಲ್ಲುಶಿಕ್ಷೆಯನ್ನು ಉಚ್ಚ ನ್ಯಾಯಪೀಠ ಎತ್ತಿಹಿಡಿಯಿತು.

ಆ ಋತುವಿನ ಲೀಗ್ ರದ್ದಾಯಿತು. ಸತ್ತವರಿಗೆ ನ್ಯಾಯ ಸಿಗದೆ ಆಟ ಬೇಡವೆಂದು ಅಭಿಮಾನಿಗಳು ಪಟ್ಟುಹಿಡಿದಾಗ ಅಬೂತ್ರಿಕಾ ಅವರ ಪರ ನಿಂತು ಸೆಪ್ಟೆಂಬರ್‌ನ ಸೂಪರ್ ಕಪ್ ಪಂದ್ಯಕ್ಕೆ ಇಳಿಯಲಿಲ್ಲ. ಕ್ಲಬ್ಬು ಆತನನ್ನು ಎರಡು ತಿಂಗಳು ಹೊರಗಿಟ್ಟಿತು. ಅದೇ ನವೆಂಬರ್‌ನಲ್ಲಿ ಅಹ್ಲಿ ಟ್ಯುನಿಸ್‌ಗೆ ಹೋಗಿ ಎಸ್ಪೆರಾನ್ಸ್ ತಂಡವನ್ನು 2-1ರಿಂದ ಮಣಿಸಿ ಆಫ್ರಿಕಾದ ಕಪ್ ತಂದಿತು. ದೇಶದಲ್ಲಿ ಲೀಗೇ ನಡೆಯದ ವರ್ಷ ಅದು! ಅಲ್ಟ್ರಾಸ್ ಗುಂಪು 2018ರಲ್ಲಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು.

2020ರ ನವೆಂಬರ್ 27ರಂದು ಆಫ್ರಿಕಾದ ಫೈನಲ್‌ನಲ್ಲಿ ಅಹ್ಲಿಗೆ ಎದುರಾಗಿ ಬಂದದ್ದು ಜಮಾಲೆಕ್. ಒಂದೇ ಊರಿನ ಎರಡು ತಂಡಗಳು ಖಂಡದ ಕಪ್ಪಿಗಾಗಿ ಸೆಣಸಿದ್ದು ಅದೇ ಮೊದಲು. ಎಂಬತ್ತಾರನೇ ನಿಮಿಷದಲ್ಲಿ ಅಫ್ಶಾ ಹೊಡೆದ ಗೋಲಿನಿಂದ ಅಹ್ಲಿ 2-1ರಿಂದ ಗೆದ್ದಿತು. ಕೊರೊನಾದ ಕಾರಣ ಕೈರೋದ ಆ ದೊಡ್ಡ ಕ್ರೀಡಾಂಗಣದಲ್ಲಿ ಪ್ರೇಕ್ಷಕರಿರಲಿಲ್ಲ. ಜಗತ್ತಿನ ಉಳಿದ ಕಡೆ ಖಾಲಿ ಮೆಟ್ಟಿಲುಗಳು ಆ ವರ್ಷದ ವಿಚಿತ್ರವಾಗಿದ್ದವು. ಈಜಿಪ್ಟಿನವರು ಅವನ್ನು 2012ರಿಂದಲೇ ನೋಡುತ್ತ ಬಂದಿದ್ದರು.